ಡಿಜಿಟಲ್ ನಲವತ್ತು

ಇಷ್ಟೆಲ್ಲ ಗದ್ದಲಕ್ಕೆ ಮೂಲ ಒಂದು ಕಬ್ಬಿಣದ ಮಂಚ. ಅದು ಬಸವಕಲ್ಯಾಣದ ಪಂಡರಿಯ ಮನೆಯ ಒಳಕೋಣೆಯಲ್ಲಿದೆ. ನಾಲ್ಕು ತಿಂಗಳಿಂದ ಅದರ ಮೇಲೆ ಮನುಷ್ಯರು ಯಾರೂ ಮಲಗಿಲ್ಲ. ನೂರಾ ತೊಂಬತ್ತೇಳು ಪುಸ್ತಕಗಳು ಮಲಗಿವೆ. ಪುಸ್ತಕದ ಹೆಸರು ‘ಆಡಿನ ನಾಡಿ’. ಬರೆದವನು ಖುದ್ದು ಪಂಡರಿಯೇ.

ಪಂಡರಿ ಪಶು ಆಸ್ಪತ್ರೆಯಲ್ಲಿ ಮೂವತ್ತೊಂದು ವರ್ಷ ಕಂಪೌಂಡರ್ ಆಗಿದ್ದವನು. ಸುತ್ತಲಿನ ಹಳ್ಳಿಗಳ ಆಡುಗಳ ನಾಲಿಗೆ ನೋಡಿ, ಹೊಟ್ಟೆ ಮುಟ್ಟಿ, ಹಲ್ಲು ಎಣಿಸಿ ಕಲಿತದ್ದನ್ನೆಲ್ಲ ನಿವೃತ್ತಿಯಾದ ಮೇಲೆ ಕೂತು ಬರೆದ. ಹುಮನಾಬಾದಿನ ದತ್ತಾತ್ರಿಯ ಪ್ರೆಸ್ಸಿನಲ್ಲಿ ಇನ್ನೂರು ಪ್ರತಿ ಅಚ್ಚು ಹಾಕಿಸಿದ. ಒಂದನ್ನು ಹೆಂಡತಿಯ ಅಣ್ಣನಿಗೆ ಕೊಟ್ಟ, ಒಂದನ್ನು ಲೈಬ್ರರಿಗೆ ಕೊಟ್ಟ, ಒಂದನ್ನು ಯಾರಾದರೂ ಕೇಳಿಯಾರೆಂದು ಚೀಲದಲ್ಲಿಟ್ಟುಕೊಂಡು ತಿರುಗಿದ. ಕೇಳಿದ ಒಬ್ಬಿಬ್ಬರೂ ‘ಒಂದು ಫ್ರೀ ಕಾಪಿ ಕೊಡ್ರಿ, ಓದಿ ಹೇಳ್ತೀನಿ’ ಎಂದರು. ತನ್ನ ಸಂಬಂಧಿಕನಲ್ಲದ ಒಬ್ಬ ಮನುಷ್ಯ ತಾನಾಗಿಯೇ ಬಂದು, ಬೆಲೆ ಕೊಟ್ಟು ಪುಸ್ತಕ ಒಯ್ಯಬೇಕು ಎಂಬುದೊಂದೇ ಪಂಡರಿಯ ಆಸೆ. ಆಸೆ ದೊಡ್ಡದೇನೂ ಅಲ್ಲ. ಆದರೆ ನಾಲ್ಕು ತಿಂಗಳಾದರೂ ಕೈಗೂಡಿರಲಿಲ್ಲ.

ಅವತ್ತು ಮುಂಜಾನೆ ಹೆಂಡತಿ ದ್ರೌಪತಿ ಚಹಾದ ಜೊತೆಗೆ ತೀರ್ಪನ್ನೂ ತಂದಿಟ್ಟಳು.

“ನಾಳಿ ಮಧ್ಯಾಹ್ನ ನನ್ನ ತಂಗಿ, ಆಕಿ ಗಂಡ, ಆಕಿ ಅತ್ತಿ ಎಲ್ಲಾರೂ ಬರಾಕತ್ತಾರ. ಆ ಮುದುಕಿಗೆ ನೆಲದ ಮ್ಯಾಲ ಮಲಗಾಕ ಆಗಂಗಿಲ್ಲ. ಇವತ್ತು ಸಂಜೀತನ ಮಂಚ ಖಾಲಿ ಆಗಬೇಕು. ಇಲ್ಲಂದ್ರ ನಾಳಿ ಮುಂಜಾನಿ ರದ್ದಿಯವಗ ತೂಗಿ ಹಾಕ್ತೀನಿ.”

“ರದ್ದಿಗೇನ? ಮೂವತ್ತೊಂದು ವರ್ಷದ ಅನುಭವ ಅದ ಅದರಾಗ!”

“ಅನುಭವ ತಲಿಯೊಳಗ ಇರ್ತದಲ್ರಿ. ಮಂಚದ ಮ್ಯಾಲ ಯಾಕ?”

ಪಂಡರಿ ಚಹಾದ ಕಪ್ಪು ಹಿಡಿದು ಅಂಗಳಕ್ಕೆ ಬಂದ. ಆಡಿನ ಭೇದಿಯ ಅಧ್ಯಾಯದಲ್ಲಿ ಯಾರೋ ಬಿಸಿ ಮಿರ್ಚಿ ಭಜಿ ಕಟ್ಟಿಸಿಕೊಂಡು ಹೋಗುವುದು ಕಣ್ಣ ಮುಂದೆ ಬಂತು. ಅದೇ ಹೊತ್ತಿಗೆ ಎದುರು ಮನೆಯ ಮೆಹರೀನ್ ಸ್ಕೂಟಿ ಹೊರಗೆ ತೆಗೆಯುತ್ತಿದ್ದಳು. ಆಕೆ ಶಾಲೆಯಲ್ಲಿ ಕಂಪ್ಯೂಟರ್ ಟೀಚರು. ಕಾಕಾನ ಪುಸ್ತಕದ ಮೇಲೆ ಕನಿಕರಪಟ್ಟು, ಅದನ್ನು ಮೊಬೈಲಿನಲ್ಲಿ ಓದುವ ಹಾಗೆ ಸಿದ್ಧಮಾಡಿ ಇಟ್ಟುಕೊಂಡಿದ್ದಳು.

“ಕಾಕಾ, ಪುಸ್ತಕ ಇವತ್ತ ಆನ್‌ಲೈನ್ ಅಂಗಡಿಗೆ ಏರಿಸ್ತೀನ್ರಿ. ಅಲ್ಲಿ ಎರಡೂ ರೇಟ್ ತೋರಸಬೇಕು. ಕಾಗದದ್ದು ಎಷ್ಟು, ಡಿಜಿಟಲ್ ಎಷ್ಟು ಅಂತ. ಡಿಜಿಟಲ್ ಓದಿದವರು ಕಾಗದದ್ದೂ ಕೇಳ್ತಾರ. ನೀವು ರೇಟ್ ವಿಚಾರ ಮಾಡಿ ಗ್ರೂಪಿನ್ಯಾಗ ಹಾಕಿಬಿಡ್ರಿ. ಕ್ಲಾಸಿನ್ಯಾಗ ನಾ ಫೋನ್ ನೋಡಂಗಿಲ್ಲ, ಊಟದ ಬಿಡುವಿನ್ಯಾಗ ನೋಡ್ತೀನಿ.”

ಗ್ರೂಪ್ ಎಂದರೆ ‘ಆಡಿನ ನಾಡಿ’ ಎಂಬ ವಾಟ್ಸಾಪ್ ಗ್ರೂಪು. ಪುಸ್ತಕ ಅಚ್ಚಾಗುವಾಗ ತಪ್ಪು ತಿದ್ದಲಿಕ್ಕೆಂದು ಮಾಡಿದ್ದು. ಅದರಲ್ಲಿ ಇರುವವರು ಮೂವರೇ: ಪಂಡರಿ, ಮೆಹರೀನ್, ಪ್ರೆಸ್ಸಿನ ದತ್ತಾತ್ರಿ.

ಪಂಡರಿಗೆ ಮೊಬೈಲಿನಲ್ಲಿ ಅಕ್ಷರ ಒತ್ತಲು ಬರುವುದಿಲ್ಲ. ಒಂದು ಒತ್ತಿದರೆ ಪಕ್ಕದ ಮೂರು ಬೀಳುತ್ತವೆ. ಹೀಗಾಗಿ ಮಾತನ್ನೇ ಕಳಿಸುತ್ತಾನೆ. ಅದೂ ಜಿಲ್ಲಾ ಆಸ್ಪತ್ರೆಗೆ ಫೋನಿನಲ್ಲಿ ಔಷಧ ಬೇಡಿ ಬೇಡಿ ರೂಢಿಯಾದ ಮೊಟಕು ಮಾತು. ಅಂಗಳದಲ್ಲಿ ನಿಂತು ಗಂಟಲು ಸರಿಮಾಡಿಕೊಂಡು ಹೇಳಿದ: “ಪುಸ್ತಕ ನೂರೈವತ್ತು. ಡಿಜಿಟಲ್ ನಲವತ್ತು. ಇವತ್ತ ಆಗಬೇಕು. ನಾಕು ಮಂದಿಗೆ ಕಾಣಬೇಕು.”

ಎರಡೇ ನಿಮಿಷದಲ್ಲಿ ದತ್ತಾತ್ರಿಯ ಹೆಬ್ಬೆರಳು ಬಂತು. ಪ್ರೆಸ್ಸಿನವನಾದರೂ ಎಷ್ಟು ಕಾಳಜಿ ನೋಡು ಎಂದು ಪಂಡರಿ ಮೆಚ್ಚಿಕೊಂಡ.

ಮೆಚ್ಚಿಕೊಳ್ಳುವುದು ಮುಗಿಯುವ ಮೊದಲೇ ಕಂಪೌಂಡಿನ ಆಚೆಯಿಂದ ಶಕುಂತಲಾಬಾಯಿಯ ತಲೆ ಎದ್ದಿತು. ನಾಲ್ಕು ಎಮ್ಮೆ ಕಟ್ಟಿ ಓಣಿಗೆಲ್ಲ ಹಾಲು ಹಾಕುವ ಬಾಯಿ ಅದು. ಓಣಿಯಲ್ಲಿ ಯಾರು ಏನೇ ಮಾತಾಡಲಿ, ಅದು ತನಗೇ ಹೇಳಿದ್ದು ಎಂದು ತಿಳಿದು ಉತ್ತರ ಕೊಡುವುದು ಆಕೆಯ ಪದ್ಧತಿ.

“ಪಂಡರಿ ಅಣ್ಣಾ, ನಲವತ್ತು ಯಾತಕ್ರಿ?”

“ಮೊಬೈಲಿನ್ಯಾಗ ಓದೂ ಪುಸ್ತಕಕ್ಕ, ಬಾಯಿ.”

“ಕಾಗದ ಅದ ಏನು?”

“ಇಲ್ಲ.”

“ಮಸಿ? ರಟ್ಟು? ಹೊಲಿಗಿ?”

“ಯಾವುದೂ ಇಲ್ಲ.”

“ಮತ್ತ ನಲವತ್ತು ಹ್ಯಾಂಗ ಬಂತ್ರಿ? ನಾ ಹಾಲಿಗೆ ರೊಕ್ಕ ತಗೋತೀನಿ, ಮಜ್ಜಿಗಿ ಕೇಳಿದ್ರ ಚರಗಿ ತುಂಬ ಹಂಗ ಕೊಡ್ತೀನಿ. ಹವಾದಾಗಿನ ಪುಸ್ತಕಕ್ಕ ನಲವತ್ತು ತಗೊಂಡ್ರ ಮಂದಿ ಏನಂದಾರು? ಹತ್ತು ಇಡ್ರಿ, ಹತ್ತು. ಅದೂ ಹೆಚ್ಚಾತು.”

ಪಂಡರಿಯ ಸ್ವಭಾವದ ಒಂದು ದೋಷವೆಂದರೆ, ಎದುರಿಗಿದ್ದವರ ಮಾತು ಅವನಿಗೆ ಯಾವಾಗಲೂ ಸರಿ ಎನ್ನಿಸುವುದು. ಈ ಸಲವೂ ಎನ್ನಿಸಿತು. ಮತ್ತೆ ಫೋನ್ ಬಾಯಿಗೆ ಹಿಡಿದ: “ಡಿಜಿಟಲ್ ನಲವತ್ತು ಬ್ಯಾಡ. ಹತ್ತು ಸಾಕು.”

ಮತ್ತೆ ಹೆಬ್ಬೆರಳು ಬಂತು. ಈ ಸಲ ಸ್ವಲ್ಪ ತಡವಾಗಿ.

ಮನೆಯಲ್ಲಿ ಕೂತರೆ ಮಂಚ ಕಾಣುತ್ತದೆ ಎಂದು ಪಂಡರಿ ಬಜಾರಿಗೆ ನಡೆದ. ಅಲ್ಲಿ ಸೈಫುದ್ದೀನನ ಚಪ್ಪಲಿ ಅಂಗಡಿಯ ಸ್ಟೂಲು ಅವನ ಕಾಯಂ ಜಾಗ. ಇಬ್ಬರೂ ಒಂದೇ ಶಾಲೆಯಲ್ಲಿ ಒಂದೇ ಬೆಂಚಿನಲ್ಲಿ ಕೂತು ಒಂದೇ ಸಲ ನಪಾಸಾದವರು. ಹತ್ತು ರೂಪಾಯಿಯ ಸುದ್ದಿ ಕೇಳಿ ಸೈಫುದ್ದೀನ್ ಕೈಯಲ್ಲಿದ್ದ ಬೂಟನ್ನು ಕೆಳಗಿಟ್ಟ.

“ಅರೆ ಪಂಡರಿ ಭಾಯಿ, ಹತ್ತು? ನಿನ್ನ ಇಜ್ಜತ್ ಎಷ್ಟಕ್ಕ ಮಾರಾಕತ್ತಿ? ನೋಡಿಲ್ಲಿ. ಈ ಚಪ್ಪಲಿ ಅಗ್ಗದ್ದು. ಮದುವಿ ಮನ್ಯಾಗ ಬಾಗಲ ಹೊರಗ ಬಿಡು, ಯಾರೂ ಮುಟ್ಟಂಗಿಲ್ಲ. ಈ ಚಪ್ಪಲಿ ತುಟ್ಟಿದು. ಒಳಗ ಊಟ ಆಗೂದ್ರಾಗ ಮಾಯ ಆಗಿರ್ತದ. ಯಾತಕ್ಕ? ತುಟ್ಟಿದಕ್ಕ ಗಿರಾಕಿ ಇರ್ತಾರ.”

“ಆದ್ರ ಅದಕ್ಕ ಕಾಗದಿಲ್ಲ, ರಟ್ಟಿಲ್ಲ…”

“ಅದಕ್ಕ ಅಂತೀನಿ! ಕಾಗದ ಇಲ್ಲಂದ್ರ ಇಲಿ ತಿನ್ನಂಗಿಲ್ಲ. ನೀರಾಗ ನೆನೆಯಂಗಿಲ್ಲ. ಹಾಳಿ ಹರಿಯಂಗಿಲ್ಲ. ಮನಷ್ಯಾ ಸತ್ರೂ ಅದು ಇರ್ತದ. ಕಾಗದದ್ದು ನೂರೈವತ್ತು ಇದ್ರ ಅದು ಮುನ್ನೂರು. ಡಬಲ್. ನನ್ನ ಮಾತು ಕೇಳು.”

ಇದೂ ಪಂಡರಿಗೆ ಸರಿ ಎನ್ನಿಸಿತು. ಶಕುಂತಲಾಬಾಯಿ ಹೇಳಿದಾಗ ಅದೂ ಸರಿ ಇತ್ತಲ್ಲ ಎಂಬ ಸಣ್ಣ ಅನುಮಾನ ಬಂದರೂ, ಸೈಫುದ್ದೀನ್ ಫೋನನ್ನು ಅವನ ಬಾಯಿಯ ಹತ್ತಿರ ಹಿಡಿದೇಬಿಟ್ಟಿದ್ದ. “ಹತ್ತು ಬ್ಯಾಡ. ಡಿಜಿಟಲ್ ಮುನ್ನೂರು. ಇದ ಫೈನಲ್.”

ಈ ಸಲ ದತ್ತಾತ್ರಿಯಿಂದ ಎರಡು ಹೆಬ್ಬೆರಳು, ಕೈಮುಗಿದ ಚಿತ್ರ, ಜೊತೆಗೊಂದು ಹೂಗುಚ್ಛ ಬಂದವು.

ಹನ್ನೊಂದೂವರೆಗೆ ದತ್ತಾತ್ರಿಯ ದನಿಯೇ ಬಂತು, ಗ್ರೂಪಿಗಲ್ಲ, ನೇರ ಪಂಡರಿಯ ನಂಬರಿಗೆ. ಹಿಂದೆ ಯಂತ್ರವೊಂದು ಗಿರಗಿರ ಎನ್ನುತ್ತಿತ್ತು. “ಕಾಕಾ, ಡಿಜಿಟಲ್ ಹದಿನೆಂಟು ಹ್ವಾದವ್ರಿ. ಇನ್ನೂ ಹೊಂಟಾವ. ಇವತ್ತು ಇಲ್ಲಿ ಆಡು ಕುರಿ ಸಂತಿ ಅದ, ಮಂದಿ ನಿಂತು ನಿಂತು ನೋಡಾಕತ್ತಾರ. ನೀವೇನೂ ಕಾಳಜಿ ಮಾಡಬ್ಯಾಡ್ರಿ.”

ಪಂಡರಿ ಅದನ್ನು ಮೂರು ಸಲ ಕೇಳಿದ. ಸೈಫುದ್ದೀನ್ ನಾಲ್ಕು ಸಲ ಕೇಳಿದ. ಮೆಹರೀನ್ ಊಟದ ಬಿಡುವಿಗೂ ಕಾಯದೆ ಏರಿಸಿಬಿಟ್ಟಿದ್ದಾಳೆ ಎಂದು ಪಂಡರಿ ತಿಳಿದ. ಮುನ್ನೂರರಂತೆ ಹದಿನೆಂಟು! ನಾಲ್ಕು ತಿಂಗಳಲ್ಲಿ ಒಂದೂ ಹೋಗಿರಲಿಲ್ಲ, ಎರಡು ತಾಸಿನಲ್ಲಿ ಹದಿನೆಂಟು ಹೋಗಿವೆ! ಸೈಫುದ್ದೀನ್ ಎದುರಿನ ಹೋಟೆಲಿಗೆ ಎರಡು ಚಹಾ ಹೇಳಿದ. ಆಮೇಲೆ ಬಂದ ಗಿರಾಕಿಗಳಿಗೆಲ್ಲ “ನಮ್ಮ ಭಾಯಿಯ ಪುಸ್ತಕ, ರೇಟ್ ನಂದು” ಎಂದು ಪರಿಚಯ ಮಾಡಿಸಿದ. ಪಂಡರಿ ಹೆಂಡತಿಗೆ ಫೋನ್ ಹಚ್ಚಿದ.

“ದ್ರೌಪತಿ, ಹದಿನೆಂಟು ಹ್ವಾದವು!”

“ಛಲೋ ಆತ್ರಿ. ನಾ ಕೋಣಿ ಒರಸಾಕತ್ತೀನಿ, ಆಮ್ಯಾಲ ಮಾತಾಡ್ರಿ” ಎಂದು ಆಕೆ ಫೋನಿಟ್ಟಳು. ಮದುವೆಯಾದ ಇಷ್ಟು ವರ್ಷದಲ್ಲಿ ಆಕೆ ತನ್ನ ಯಾವ ಸುದ್ದಿಗೂ ಬೆರಗಾದದ್ದನ್ನು ಪಂಡರಿ ಕಂಡಿರಲಿಲ್ಲ. ಅದಕ್ಕೇ ಬೇಸರಪಡಲಿಲ್ಲ.

ಒಂದು ಗಂಟೆಗೆ ಮೆಹರೀನಳ ಫೋನು ಬಂತು. ಟೀಚರಾದ್ದರಿಂದ ಆಕೆಗೆ ನಡುವೆ ಯಾರಾದರೂ ಬಾಯಿ ಹಾಕಿದರೆ ಆಗುವುದಿಲ್ಲ. “ಕಾಕಾ, ಏನ್ರಿ ಇದು, ನಲವತ್ತು, ಹತ್ತು, ಮುನ್ನೂರು? ಕಾಗದದ್ದಕ್ಕಿಂತ ಡಿಜಿಟಲ್ ತುಟ್ಟಿ ಇಟ್ರ ಯಾರ ತಗೋತಾರ್ರಿ? ಹಿಂಗ ಮಾಡ್ರಿ. ಕಾಗದದ ಪುಸ್ತಕ ತಗೊಂಡವರಿಗೆ ಡಿಜಿಟಲ್ ಪುಕ್ಕಟೆ ಕೊಡ್ರಿ. ಆವಾಗ ನಿಮ್ಮ ಮಂಚಾನೂ ಖಾಲಿ ಆಗ್ತದ. ಹೂಂ ಅಂದ್ರ ಗ್ರೂಪಿನ್ಯಾಗ ಹಾಕ್ರಿ, ನಾ ಈಗ ಊಟ ಮಾಡಿ ಫೋನ್ ಮಾಡ್ತೀನಿ.”

ಮಂಚದ ಮಾತು ಪಂಡರಿಗೆ ನಾಟಿತು. ಹದಿನೆಂಟು ಹೋದ ಸಂತೋಷದಲ್ಲಿ ಅವನ ಕೈ ದೊಡ್ಡದೂ ಆಗಿತ್ತು. ಸೈಫುದ್ದೀನ್ ಬೇಡ ಬೇಡ ಎನ್ನುತ್ತಿದ್ದಂತೆ ಹೇಳಿಯೇಬಿಟ್ಟ: “ಪುಸ್ತಕ ತಗೊಂಡವರಿಗೆ ಡಿಜಿಟಲ್ ಪುಕ್ಕಟೆ. ಇನ್ನ ಇದ ಫೈನಲ್.”

ಹತ್ತು ನಿಮಿಷಕ್ಕೆ ಮೆಹರೀನ್ ಮತ್ತೆ ಕರೆದಳು. “ಛಲೋ ಆತು ಕಾಕಾ. ಈಗ ಏರಿಸ್ತೀನಿ.”

“ಈಗ? ಮುಂಜಾನಿನ ಏರಿಸಿದಿ ಅಲ್ಲೇನವ್ವಾ? ಹದಿನೆಂಟು ಹೋಗ್ಯಾವಲ್ಲ!”

“ಎಲ್ಲಿಂದ ಹೋಗ್ಯಾವ್ರಿ? ನನ್ನ ಲ್ಯಾಪ್‌ಟಾಪಿನಿಂದ ಒಂದೂ ಹೊರಗ ಹೋಗಿಲ್ಲ.”

ಪಂಡರಿ ಸೈಫುದ್ದೀನನ ಮುಖ ನೋಡಿದ. ಸೈಫುದ್ದೀನ್ ಮೆಲ್ಲಗೆ ಎದ್ದು ನಿಂತ. “ಪಂಡರಿ ಭಾಯಿ, ಇದಕ್ಕ ಪೈರಸಿ ಅಂತಾರ. ನಿನ್ನ ಮಾಲು, ದತ್ತಾತ್ರಿ ಚೋರಿಲೆ ಮಾರಾಕತ್ತಾನ. ಪುಸ್ತಕದ ಫೈಲ್ ಎಲ್ಲಾ ಅವನ ಹತ್ರನ ಅದ ಅಲ್ಲ? ಹೋಗು, ಕೈಯಾಗ ಮಾಲು ಇರೂ ಮುಂದನ ಹಿಡಿ!”

ಆಡಿನ ನಾಡಿಯನ್ನಷ್ಟೇ ಬಲ್ಲ ಪಂಡರಿಗೆ ಮನುಷ್ಯರ ನಾಡಿ ಯಾವತ್ತೂ ಸಿಕ್ಕಿರಲಿಲ್ಲ. ಹೂಗುಚ್ಛ ಕಳಿಸಿದ ದತ್ತಾತ್ರಿ ಕಳ್ಳನೇ ಇರಬೇಕು ಎಂದುಕೊಂಡು, ಉಂಡೂ ಉಣ್ಣದೆ ಹುಮನಾಬಾದಿನ ಬಸ್ಸು ಹತ್ತಿದ. ದಾರಿಯುದ್ದಕ್ಕೂ ದತ್ತಾತ್ರಿಗೆ ಏನೇನು ಅನ್ನಬೇಕೆಂದು ಮನಸ್ಸಿನಲ್ಲಿ ಉರುಹೊಡೆದ. ಮೊದಲು ‘ದತ್ತಾತ್ರಿ, ನಿನ್ನ ನಂಬಿದ್ದೆ’ ಅನ್ನಬೇಕು. ಎರಡನೆಯದಾಗಿ ಏನು ಅನ್ನಬೇಕೆಂದು ನಡುದಾರಿಯ ರಾಜೇಶ್ವರ ಊರು ದಾಟಿದರೂ ಹೊಳೆಯಲಿಲ್ಲ.

ಹುಮನಾಬಾದಿನೊಳಗೆ ಬಸ್ಸು ನಿಧಾನವಾದಾಗ ಪಕ್ಕದಲ್ಲಿದ್ದ ರುಮಾಲಿನ ಮುದುಕ ಕಿಟಕಿಯ ಹೊರಗೆ ಕೈಮಾಡಿದ.

“ಯಾರದೋ ಆಡಿಂದು ಹುಟ್ಟಿದ ಹಬ್ಬ ಕಾಣ್ತದ.”

ಪಂಡರಿ ನೋಡಿದ. ಲೈಟಿನ ಕಂಬಕ್ಕೆ ಒಂದು ದೊಡ್ಡ ಬ್ಯಾನರ್ ಕಟ್ಟಿತ್ತು. ನಡುವೆ ಬ್ಯಾನರಿನ ತುಂಬ ಒಂದು ಆಡಿನ ಮುಖ, ಗಡ್ಡ ಸಮೇತ. ಕೆಳಗೆ ಮೂಲೆಯ ಸಣ್ಣ ದುಂಡು ವೃತ್ತದಲ್ಲಿ ಒಬ್ಬ ಮನುಷ್ಯನ ಮುಖ, ಅದಕ್ಕೂ ಗಡ್ಡ ಇತ್ತು. ಮುಂದಿನ ಕಂಬಕ್ಕೂ ಅದೇ. ಅದರ ಮುಂದಿನದಕ್ಕೂ ಅದೇ. ಚೌಕದಲ್ಲಿ ಒಟ್ಟೊಟ್ಟಿಗೆ ಮೂರು ಇದ್ದವು. ತನ್ನ ಪುಸ್ತಕದ ರಕ್ಷಾಪುಟ ಅದು ಎಂದು ಪಂಡರಿಗೆ ತಿಳಿಯಲು ಐದನೆಯ ಕಂಬ ಬರಬೇಕಾಯಿತು.

“ಏನ ಕಾಲ ಬಂತ್ರಿ! ಮೊದಲ ಲೀಡರ್ ಹುಟ್ಟಿದ ಹಬ್ಬಕ್ಕ ಹಾಕ್ತಿದ್ರು, ಈಗ ಆಡಿಂದೂ ಹಾಕಾಕತ್ತಾರ. ಮೂಲ್ಯಾಗ ಅದಾನಲ್ಲ, ಅಂವ ಶುಭ ಕೋರಾಂವ” ಎಂದ ಮುದುಕ, ಪಕ್ಕಕ್ಕೆ ತಿರುಗಿ ಪಂಡರಿಯ ಮುಖ ನೋಡಿದ, ಹೊರಗೆ ನೋಡಿದ, ಮತ್ತೆ ಪಂಡರಿಯನ್ನು ನೋಡಿದ. “ನೀವ ಅಲ್ರೇನು ಅಂವ? ಆಡು ಯಾವ ಪಾರ್ಟಿದ್ರಿ?”

ಪಂಡರಿ ಟವೆಲಿನಿಂದ ಗಡ್ಡ ಮುಚ್ಚಿಕೊಂಡು ಇಳಿದ.

ದತ್ತಾತ್ರಿಯ ಪ್ರೆಸ್ಸಿನ ಮುಂದೆ ಜಾತ್ರೆಯಂಥ ಗುಂಪಿತ್ತು. ಸಂತೆಗೆ ಬಂದ ಕುರಿಗಾರರು, ಅವರು ಹಗ್ಗ ಹಿಡಿದು ತಂದ ಆಡುಗಳು, ನಡುವೆ ಮೇಜಿನ ಮೇಲೆ ನಿಂತ ದತ್ತಾತ್ರಿ. “ಪುಸ್ತಕ ತಗೊಂಡವರಿಗೆ ಡಿಜಿಟಲ್ ಪುಕ್ಕಟೆ! ಬುಕ್ಕಿನ ಹಿಂದ ಅಚ್ಚಾದ ನೂರೈವತ್ತಕ್ಕ ಎರಡೂ!” ಎಂದು ಕೂಗುತ್ತ ಒಂದು ಕೈಯಲ್ಲಿ ‘ಆಡಿನ ನಾಡಿ’, ಇನ್ನೊಂದು ಕೈಯಲ್ಲಿ ಸುರುಳಿ ಸುತ್ತಿದ ಬ್ಯಾನರ್ ಕೊಡುತ್ತಿದ್ದ. ಪಂಡರಿಯನ್ನು ಕಂಡವನೇ ಕೆಳಗೆ ಜಿಗಿದು ಒಳಗೆ ಕರೆದೊಯ್ದ.

“ದತ್ತಾತ್ರಿ, ನಿನ್ನ ನಂಬಿದ್ದೆ…” ಪಂಡರಿ ಶುರುಮಾಡಿದ. “ಇವೇನು ಕಂಬಕ್ಕ ಕಟ್ಟೀದಿ?”

“ಡಿಜಿಟಲ್ ರಿ, ಕಾಕಾ.”

“ಡಿಜಿಟಲ್ ಅಂದ್ರ ಮೊಬೈಲಿನ್ಯಾಗ ಓದೂ ಪುಸ್ತಕ!”

“ಅದ್ಯಾವಾಗಿಂದ್ರಿ?” ದತ್ತಾತ್ರಿಗೆ ನಿಜವಾಗಿಯೂ ಆಶ್ಚರ್ಯವಾಯಿತು. ತಲೆಯ ಮೇಲಿದ್ದ ತನ್ನದೇ ಬೋರ್ಡು ತೋರಿಸಿದ. ‘ದತ್ತ ಪ್ರಿಂಟಿಂಗ್ ಮತ್ತು ಡಿಜಿಟಲ್ಸ್’ ಎಂದು ಬರೆದಿತ್ತು. ಕೂಸಿನ ಹೆಸರಿಡುವುದಿರಲಿ, ಲೀಡರ್ ಊರಿಗೆ ಬರುವುದಿರಲಿ, ಕಂಬಕ್ಕೆ ಕಟ್ಟುವ ಬ್ಯಾನರಿಗೆ ಆ ಸೀಮೆಯಲ್ಲೆಲ್ಲ ಡಿಜಿಟಲ್ ಎಂದೇ ಹೆಸರು. ಅದು ಪಂಡರಿಗೂ ಗೊತ್ತಿದ್ದದ್ದೇ. ಮೆಹರೀನ್ ಹೇಳಿದ ಡಿಜಿಟಲ್ಲಿನ ಮುಂದೆ ಮರೆತುಹೋಗಿತ್ತು, ಅಷ್ಟೆ.

“ನಾ ಹೇಳಿದ್ದು ರೇಟು ಮಾರಾಯಾ! ಪುಸ್ತಕ ನೂರೈವತ್ತು, ಡಿಜಿಟಲ್ ನಲವತ್ತು!”

“ಮುಂಜಾನಿಂದ ಸಂಜೀತನ ಇಲ್ಲಿ ಇದ ಮಾತು ನಡೀತದ್ರಿ. ‘ಲಗ್ನಪತ್ರಿಕಾ ಐನೂರು, ಡಿಜಿಟಲ್ ನಾಕು’ ಅಂತ ಮಂದಿ ಹೇಳ್ತಾರ, ನಾ ಮಾಡಿ ಕೊಡ್ತೀನಿ. ನೀವೂ ಹಂಗ ಹೇಳಿದ್ರಿ. ನಾಕು ಮಂದಿಗೆ ಕಾಣಬೇಕಂದ್ರಿ, ಕಂಬಕ್ಕ ಕಟ್ಟಿಸಿದೆ. ಹತ್ತು ಸಾಕಂದ್ರಿ, ಮಷೀನ್ ನಿಂದ್ರಿಸಿದೆ. ಮುನ್ನೂರು ಫೈನಲ್ ಅಂದ್ರಿ. ಕಾಕಾಂದು ವಿಚಾರ ಭಾಳ ದೊಡ್ಡದದ ಅಂತ ಮತ್ತ ಚಾಲೂ ಮಾಡಿದೆ.”

ಪಂಡರಿ ಕಾಗದದ ಬಂಡಲ್ ಮೇಲೆ ಕುಸಿದು ಕೂತ. “ಆ ಪುಸ್ತಕ ನೂರೈವತ್ತು, ಅವನ್ನೂ ಹೊಸದಾಗಿ ಅಚ್ಚು ಹಾಕೀದೇನು?”

“ಒಂದ ದಿನದಾಗ ಹ್ಯಾಂಗ ಆಗ್ತದ್ರಿ? ನಿಮ್ಮ ಮನ್ಯಾಗ ಇದ್ದಾವಲ್ಲ ಅಂತ ಆಟೋ ಕಳಿಸಿದ್ದೆ. ನೂರೈವತ್ತು ಕೇಳಿದ್ರ, ಕಾಕು ‘ಉಳದದ್ದು ಇಲ್ಲಿಟ್ಟು ಪೂಜಿ ಮಾಡ್ಲೇನು, ಎಲ್ಲಾ ಒಯ್ಯಿ’ ಅಂದ್ರಂತ.”

ದ್ರೌಪತಿ ಕೋಣೆ ಒರೆಸುತ್ತಿದ್ದದ್ದು ಯಾಕೆಂದು ಪಂಡರಿಗೆ ಈಗ ತಿಳಿಯಿತು. “ಮೊದಲ ಆ ಮಷೀನ್ ಬಂದ್ ಮಾಡು!”

“ಮಷೀನ್ ಯಾವಾಗೋ ಬಂದ್ ಆಗ್ಯಾದ್ರಿ. ಬ್ಯಾನರ್ ರೋಲಿನ ರೊಕ್ಕದ ಚಿಂತಿ ಮಾಡಬ್ಯಾಡ್ರಿ. ಹ್ವಾದ ಎಲೆಕ್ಷನ್ನಿನ್ಯಾಗ ಒಬ್ಬರು ತರಿಸಿ, ಆಮ್ಯಾಲ ನಾಮಪತ್ರನ ವಾಪಸ್ ತಗೊಂಡ್ರು. ಧೂಳ ತಿನ್ನಾಕತ್ತಿದ್ದವು. ನಿಮ್ಮ ಆಡಿನ ಕಾಲಗುಣದಿಂದ ಹೊರಗ ಬಿದ್ದವು.”

ಪಂಡರಿ ನೆಮ್ಮದಿಯ ಉಸಿರು ಬಿಟ್ಟು ಹೊರಗೆ ಬಂದ. ಗುಂಪು ಇನ್ನೂ ದೊಡ್ಡದಾಗಿತ್ತು. ತನ್ನ ಪುಸ್ತಕಕ್ಕೆ ಜನ ಮುಗಿಬಿದ್ದಿರುವುದನ್ನು ನೋಡಿ ಒಂದು ಕ್ಷಣ ಎದೆ ತುಂಬಿತು. ಆಗಲೇ ಮನ್ನಾಏಖೇಳ್ಳಿಯ ಗಟ್ಟಿಮುಟ್ಟಾದ ಕುರಿಗಾರನೊಬ್ಬ ಪುಸ್ತಕವನ್ನು ದತ್ತಾತ್ರಿಯ ಕಡೆಗೆ ತಳ್ಳಿದ. “ಬುಕ್ ನೀವ ಇಟಗೋರಿ. ಇದರ ಬದಲಿ ಇನ್ನೊಂದು ಡಿಜಿಟಲ್ ಕೊಡ್ರಿ. ಮಿರಗದ ಮಳಿ ಹಿಡಿಯೂದ್ರಾಗ ಕೊಟ್ಟಿಗಿಗೆ ಹೊದಸಬೇಕು.”

ಆಗ ಪಂಡರಿಗೆ ಎಲ್ಲ ಅರ್ಥವಾಯಿತು. ಸುರುಳಿಯನ್ನು ಜನ ಬಿಚ್ಚಿ, ಎಳೆದು, ನೀರು ಸುರಿದು ನೋಡುತ್ತಿದ್ದರು. ಪುಸ್ತಕವನ್ನು ಯಾರೂ ಬಿಚ್ಚಿರಲಿಲ್ಲ. ಅವನಿಗೆ ಅಳುವೇ ಬಂತು. ರದ್ದಿಯವನು ಬಂದಿದ್ದರೆ ಕೊನೆಯ ಪಕ್ಷ ಪುಸ್ತಕವನ್ನೇ ಬೇಡಿ ಬಂದಿರುತ್ತಿದ್ದ.

“ಯಪ್ಪಾ, ಇದು ನನಗ ಬ್ಯಾಡ. ಬುಕ್ ಅಷ್ಟ ಸಾಕು.”

ದನಿ ಬಂದತ್ತ ಪಂಡರಿ ತಿರುಗಿದ. ಬೇಮಳಖೇಡದ ಮುದುಕಿ, ಹೆಸರು ಧೂಳಮ್ಮ ಎಂದು ಆಮೇಲೆ ತಿಳಿಯಿತು. ಒಂದು ಕೈಯಿಂದ ಸುರುಳಿಯನ್ನು ದತ್ತಾತ್ರಿಗೆ ಮರಳಿ ಕೊಡುತ್ತ, ಇನ್ನೊಂದರಲ್ಲಿ ಪುಸ್ತಕವನ್ನು ಎದೆಗೆ ಒತ್ತಿಕೊಂಡಿದ್ದಳು.

“ಡಿಜಿಟಲ್ ಪುಕ್ಕಟೆ ಅದ ಆಯಿ, ಒಯ್ಯಿ” ಎಂದ ದತ್ತಾತ್ರಿ.

“ನನ್ನ ಕೊಟ್ಟಿಗಿಗೆ ತಗಡು ಅದಾವು. ನನ್ನ ಆಡಿನ ಹೊಟ್ಟಿ ಉಬ್ಬ್ಯಾದ. ನಿನ್ನಿಂದ ಮೇವು ಮುಟ್ಟವಲ್ದು. ಇದರಾಗ ಬರದದ ಏನು?”

ಪಂಡರಿ ಗುಂಪನ್ನು ಸೀಳಿಕೊಂಡು ಹೋದ. ಪುಸ್ತಕ ಇಸಿದುಕೊಂಡು ಮೂವತ್ತೊಂದನೆಯ ಪುಟ ತೆಗೆದ. “ಇಲ್ಲಿ ಅದ, ಆಯಿ. ಇಲ್ಲಿಂದ ಇಲ್ಲಿತನ. ಓದಾಕ ಬರ್ತದ?”

“ನನಗ ಬರಂಗಿಲ್ಲ. ಸೊಸಿ ಓದ್ತಾಳ. ನೀ ಬರದೀಯೇನು?”

“ಹೌದು, ಆಯಿ.”

ಮುದುಕಿ ಅವನನ್ನು ಮೇಲಿನಿಂದ ಕೆಳಗೆ ನೋಡಿದಳು. “ಛಲೋ ಮಾಡೀದಿ. ಡಾಕ್ಟರ್ ಕಡಿಗೆ ಹೋಗಬೇಕಂದ್ರ ಒಂದು ದಿನ ಹೋಗ್ತದ” ಎಂದು ಪುಟದ ಮೂಲೆ ಮಡಚಿ, ಸೆರಗಿನಲ್ಲಿ ಸುತ್ತಿಕೊಂಡು ಹೊರಟಳು.

ಪಂಡರಿ ಅಲ್ಲೇ ನಿಂತ. ಸಂಬಂಧಿಕಳಲ್ಲದ ಒಬ್ಬ ಹೆಂಗಸು, ತಾನಾಗಿಯೇ ಬಂದು, ಬೆಲೆ ಕೊಟ್ಟು, ಪುಕ್ಕಟೆ ಸಿಕ್ಕದ್ದನ್ನು ಬಿಟ್ಟು ಪುಸ್ತಕವನ್ನೇ ಒಯ್ದಿದ್ದಳು. ಕಣ್ಣು ಒದ್ದೆಯಾದದ್ದನ್ನು ಅವನು ಮುಚ್ಚಿಕೊಳ್ಳಲೂ ಇಲ್ಲ. ಅವನಿಗೆ ಇಷ್ಟೇ ಬೇಕಾಗಿತ್ತು.

ಆಮೇಲೆ ಅವನೇ ಮೇಜು ಹತ್ತಿದ. ಪುಸ್ತಕ ಕೊಡುವಾಗೆಲ್ಲ ‘ನಿಮ್ಮ ಆಡಿಗೆ ಏನಾಗ್ಯಾದ?’ ಎಂದು ಕೇಳಿ ಪುಟದ ನಂಬರು ಹೇಳಿದ. ಸುರುಳಿಗೆ ಬಂದವರೂ ನಿಂತು ಕೇಳತೊಡಗಿದರು. ಮನ್ನಾಏಖೇಳ್ಳಿಯವನು ಸಹ ಮರಳಿ ಬಂದು ಗೊರಸಿನ ಹುಣ್ಣಿನ ಪುಟ ಕೇಳಿಕೊಂಡು ಹೋದ. ಐದು ಗಂಟೆಗೆ ನೂರಾ ತೊಂಬತ್ತೇಳೂ ಮುಗಿದು, ಸಿಗದವರ ಹೆಸರು ಬರೆದುಕೊಂಡರೆ ಇಪ್ಪತ್ತೆರಡಾಯಿತು. ದತ್ತಾತ್ರಿ ಎರಡನೆಯ ಮುದ್ರಣದ ಮಾತು ತೆಗೆದ. ಪಂಡರಿ ಚಹಾ ಕುಡಿದು, ಕಳ್ಳನೆಂದು ತಿಳಿದದ್ದಕ್ಕೆ ಮನಸ್ಸಿನಲ್ಲೇ ಅವನಿಗೆ ಕೈಮುಗಿದು, ಬಸ್ಸು ಹತ್ತಿದ.

ಬಸ್ಸು ಅರ್ಧ ದಾರಿಗೆ ಬಂದಾಗ ಗುರುತಿಲ್ಲದ ನಂಬರಿನಿಂದ ಫೋನು ಬಂತು.

“ಸರ್, ನಾನು ಬೇಮಳಖೇಡದಿಂದ, ಧೂಳಮ್ಮನ ಸೊಸಿ ಸಪ್ನಾ. ಬುಕ್ಕಿನ ಮ್ಯಾಲಿನ ನಂಬರ್ ನೋಡಿ ಹಚ್ಚೀನ್ರಿ. ಬುಕ್ಕಿನ್ಯಾಗ ಎಣ್ಣಿ ಎರಡು ಚಮಚಾ ಅಂತ ಬರದೀರಿ. ಚಹಾದ ಚಮಚಾನೋ, ಸಾರಿನ ಚಮಚಾನೋ?”

ಮೂವತ್ತೊಂದು ವರ್ಷದ ಅನುಭವದಲ್ಲಿ ಇಂಥ ಒಳ್ಳೆಯ ಪ್ರಶ್ನೆಯನ್ನು ಅವನಿಗೆ ಯಾರೂ ಕೇಳಿರಲಿಲ್ಲ. “ಎರಡೂ ಅಲ್ಲವ್ವಾ, ಊಟದ್ದು. ಆಡಿನ ತಲಿ ಮ್ಯಾಲ ಎತ್ತಬ್ಯಾಡ, ಸಾವಕಾಶ ಕುಡಿಸು. ನಸುಕಿನ್ಯಾಗ ಹೆಂಗದ ಹೇಳು” ಎಂದ. ಆಮೇಲೆ ಚೀಲದಲ್ಲಿದ್ದ ತನ್ನ ಪ್ರತಿ ತೆಗೆದು, ಮೂವತ್ತೊಂದನೆಯ ಪುಟದಲ್ಲಿ ‘ಊಟದ’ ಎಂದು ಸೇರಿಸಿದ. ಓದುಗರು ತಿದ್ದಿದ ಲೇಖಕನಾದೆನೆಂದು ಅವನಿಗೆ ಬಸ್ಸಿನಲ್ಲಿ ಎಲ್ಲರಿಗೂ ಹೇಳಬೇಕೆನ್ನಿಸಿತು.

ದೀಪ ಹಚ್ಚುವ ಹೊತ್ತಿಗೆ ಮನೆ ಸೇರಿದ. ದ್ರೌಪತಿ ಬಾಗಿಲಲ್ಲೇ ನಿಂತಿದ್ದಳು. ಪಕ್ಕದಲ್ಲಿ ಶಕುಂತಲಾಬಾಯಿಯೂ ಇದ್ದಳು.

“ದ್ರೌಪತಿ, ಎಲ್ಲಾ ಹ್ವಾದವು! ಒಂದೂ ಉಳದಿಲ್ಲ. ಇನ್ನ ನಿನ್ನ ತಂಗಿ ಅತ್ತಿ ಒಬ್ಬಾಕಿ ಯಾಕ, ಇಡೀ ಬೀಗರೇ ಬರ್ಲಿ!”

“ಹೌದ್ರಿ, ಮಂಚ ಖಾಲಿ ಆಗಿತ್ತು” ಎಂದಳು ದ್ರೌಪತಿ. “ಒರಿಸಿ, ಹಾಸಿಗಿ ಹಾಸಿ, ಹೊಸ ಚಾದರ ಹಾಕಿದ್ದೆ. ನಿಮಗಿಂತ ಮೊದಲ ಆ ಆಟೋದವ ಬಂದ. ‘ದತ್ತಾತ್ರಿ ಅಣ್ಣಾವ್ರು ಕಾಕಾಂದು ಉಳದ ಡಿಜಿಟಲ್ ಕಳಿಸ್ಯಾರ್ರಿ’ ಅಂದ. ಬರ್ರಿ, ನೋಡ್ರಿ.”

ಪಂಡರಿ ಒಳಗೆ ಇಣುಕಿದ. ಹೊಸ ಚಾದರದ ಮೇಲೆ ಎಂಬತ್ತಾರು ಸುರುಳಿಗಳು, ಅಟ್ಟದವರೆಗೆ ಒಂದರ ಮೇಲೊಂದು ಮಲಗಿದ್ದವು. ಮೇಲಿನದೊಂದು ಅರ್ಧ ಬಿಚ್ಚಿಕೊಂಡು ಗೋಡೆಗೆ ಇಳಿಬಿದ್ದಿತ್ತು. ಅದರೊಳಗಿಂದ ಆಡು ಅವನನ್ನು ಗಂಭೀರವಾಗಿ ನೋಡುತ್ತಿತ್ತು. ಮಷೀನ್ ಬಂದಾಗಿದ್ದದ್ದು ಮುನ್ನೂರೂ ಮುಗಿದ ಮೇಲೆ ಎಂದು ಪಂಡರಿಗೆ ಆಗ ತಿಳಿಯಿತು.

“ಅಣ್ಣಾ,” ಎಂದಳು ಶಕುಂತಲಾಬಾಯಿ, “ನಾರಾಯಣಪುರದಾಗ ನನ್ನ ತಮ್ಮಗ ಬಣವಿ ಮ್ಯಾಲ ಹೊದಸಾಕ ನಾಕು ಬೇಕಾಗ್ಯಾವ. ಓಣ್ಯಾಗ ಇನ್ನೂ ಹತ್ತು ಮಂದಿ ಕೇಳ್ಯಾರ. ಆದ್ರ ಹುಮನಾಬಾದದಾಗ ಕೊಟ್ಟಂಗ ಪುಸ್ತಕದ ಜೋಡಿನ ಕೊಡಬೇಕ್ರಿ. ಬರೇ ಡಿಜಿಟಲ್ ನಮಗ ಬ್ಯಾಡ.”

“ಪುಸ್ತಕ ಖಾಲಿ ಆಗ್ಯಾವಲ್ಲ, ಬಾಯಿ!”

“ಹಂಗಾರ ಬರೇ ಡಿಜಿಟಲ್ಲಿಗೆ ಒಂದು ರೇಟ್ ಇಡ್ರಿ” ಎಂದಳು ದ್ರೌಪತಿ. “ನಾಳಿ ಮಧ್ಯಾಹ್ನದಾಗ ಹೋಗಬೇಕು.”

ಪಂಡರಿ ವಿಚಾರ ಮಾಡಿದ. ಕಾಗದವಿಲ್ಲ, ರಟ್ಟಿಲ್ಲ, ಹೊಲಿಗೆಯಿಲ್ಲ. ನೀರಿಗೆ ನೆನೆಯುವುದಿಲ್ಲ, ಇಲಿ ತಿನ್ನುವುದಿಲ್ಲ. ಶಕುಂತಲಾಬಾಯಿ ಹೇಳಿದ್ದೂ ಸರಿ, ಸೈಫುದ್ದೀನ್ ಹೇಳಿದ್ದೂ ಸರಿ. ಮೆಹರೀನಳನ್ನೇ ಒಂದು ಮಾತು ಕೇಳೋಣವೆಂದು ಅವನ ಕೈ ತಾನಾಗಿ ಅಂಗಿಯ ಜೇಬಿಗೆ ಹೋಯಿತು.

ಅವನು ಗಂಟಲು ಸರಿಮಾಡಿಕೊಳ್ಳುವಷ್ಟರಲ್ಲಿ ದ್ರೌಪತಿ ಫೋನು ಕಸಿದುಕೊಂಡಳು. “ಇದರಾಗ ಬ್ಯಾಡ್ರಿ. ಎಷ್ಟಂತ ನನಗ ಬಾಯಿಲೆ ಹೇಳ್ರಿ.”